ಮಂಗಳವಾರ ಒಮ್ಮೆ ಕೂಡಿತ್ತು

ಬಸ್ಸು ರಾಯಚೂರಿನ ಸ್ಟ್ಯಾಂಡು ಬಿಟ್ಟು ಮಾನ್ವಿ ರಸ್ತೆಗೆ ತಿರುಗುವ ಹೊತ್ತಿಗೆ ಮೇಘಾಳಿಗೆ ಇಳಿದುಬಿಡಬೇಕು ಅನ್ನಿಸಿತು. ಇಳಿಯಲಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು, ಕಳವಿನ ಮಾಲು ಒಯ್ಯುವವರ ಹಾಗೆ ಅತ್ತಿತ್ತ ನೋಡುತ್ತ ಕುಳಿತಳು. ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಕಾಲಡಿ ಇಟ್ಟುಕೊಂಡ ಮುದುಕಿ ನಿದ್ದೆ ಹೋಗಿದ್ದಳು. ಮಾನ್ವಿ ಇನ್ನೂ ದೂರವಿತ್ತು. ಅಷ್ಟರೊಳಗೆ ಚೀಲ ಬಿಚ್ಚಿ, ಲ್ಯಾಪ್‌ಟಾಪು ತೆರೆದು, ಒಂದು ಸಲ ಬೆರಳು ಒತ್ತಿದರೆ ತಪ್ಪು ಅಳಿಸಿಹೋಗುತ್ತಿತ್ತು. ಉದಯಕುಮಾರನಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಅಳಿಸಿದರೆ ಅವನು ಬರಬೇಕಾದ ಕಾರಣವೂ ಅಳಿಸಿಹೋಗುತ್ತಿತ್ತು. ದೇವದುರ್ಗದಲ್ಲಿ ಬಸ್ಸು ಹತ್ತಿದ್ದೇನೆಂದು ಅವನ ಮೆಸೇಜು ಬಂದಿತ್ತು. ಬರಲಿ, ಒಮ್ಮೆ ಮುಖ ನೋಡಿದ ಮೇಲೆ ಅಳಿಸಿದರಾಯಿತು ಅಂದುಕೊಂಡಳು. ಹೀಗೆಯೇ ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಅಂದುಕೊಂಡು ಇಲ್ಲಿಯವರೆಗೆ ಬಂದಿದ್ದಳು.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಹಂಪಣ್ಣನ ಸಾಫ್ಟ್‌ವೇರ್ ಅಂಗಡಿ. ಅಕ್ಕಿ ಗಿರಣಿಯನ್ನು ಅಣ್ಣಂದಿರಿಗೆ ಬಿಟ್ಟು ಅವನು ಇದನ್ನು ತೆರೆದಿದ್ದ; ಮೇಘಾ ಅಲ್ಲಿ ಬಹಳ ದಿನದಿಂದ ಕೆಲಸಕ್ಕಿದ್ದಳು. ಕುರ್ಡಿಯ ರೊಟ್ಟಿ ಕೇಂದ್ರದ ಆ್ಯಪು ಅಲ್ಲಿಗೆ ಬಂದ ಕೆಲಸ. ಕುರ್ಡಿಯಲ್ಲಿ ಗದ್ದೆಮ್ಮನೆಂಬ ಹೆಂಗಸು ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ರಾಯಚೂರಿನ ಖಾನಾವಳಿಗಳಿಗೆ ಕಳಿಸುತ್ತಾಳೆ. ಖಾನಾವಳಿಯವರು ತಮ್ಮ ಫೋನಿನಲ್ಲಿ ನಾಳೆಗೆ ಖಡಕ್ ಎಷ್ಟು, ಮೆತ್ತನ್ನವು ಎಷ್ಟು ಎಂದು ಒತ್ತಿದರೆ ಅದು ಗದ್ದೆಮ್ಮನ ಫೋನಿನಲ್ಲಿ ಕಾಣಬೇಕು, ಇಷ್ಟೇ. ಫೋನಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಮೇಘಾಳ ಕೆಲಸ. ಆದರೆ ಫೋನು ಬರೀ ಬಾಗಿಲು. ಆರ್ಡರುಗಳನ್ನು ಕೂಡಿಡುವ ಡೇಟಾಬೇಸು ಎಲ್ಲೋ ಮುಂಬೈ ಕಡೆಯ ಬಾಡಿಗೆ ಯಂತ್ರದೊಳಗೆ, ಎಲ್ಲರೂ ಕ್ಲೌಡ್ ಅನ್ನುವ, ಯಾರೂ ನೋಡಿರದ ಜಾಗದಲ್ಲಿ. ಅದನ್ನು ಕಟ್ಟಿದವನು ಉದಯಕುಮಾರ. ದೇವದುರ್ಗದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಬಿಡುವಿನಲ್ಲಿ ಇಂಥ ಕೆಲಸ ಹಿಡಿಯುವವ. ಫೋನಿನಿಂದ ಅಲ್ಲಿಗೆ ಹೋಗಲು ಒಂದು ವಿಳಾಸ ಬೇಕು, ಅಕ್ಷರ ಅಂಕಿಗಳನ್ನು ಹೆಣೆದ ಉದ್ದನೆಯ ಒಂದು ಕೀಲಿ ಬೇಕು. ಎರಡನ್ನೂ ಅವನು ವಾಟ್ಸಾಪಿನಲ್ಲಿ ಕಳಿಸಿದ್ದ, ಅವಳು ಎತ್ತಿ ತನ್ನ ಕಡೆ ಅಂಟಿಸಿಕೊಂಡಿದ್ದಳು. ಆ್ಯಪು ಹೋಗಿ ಬಾಗಿಲು ಬಡಿಯುತ್ತಿತ್ತು. ಕೀಲಿ ಸರಿಯಿಲ್ಲ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅವನು ಹೊಸ ಕೀಲಿ ಮಾಡಿ ಕಳಿಸಿದ. ಅದೂ ಹತ್ತಲಿಲ್ಲ.

ಹತ್ತದೇ ಇದ್ದದ್ದಕ್ಕೆ ಫೋನು ಶುರುವಾಯಿತು. ಅವರ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲವಂತೆ, ಸಂಜೆ ಕಾಲೇಜಿನಿಂದ ಬಂದವನೇ ಮಾಳಿಗೆ ಹತ್ತಿ ಕರೆ ಮಾಡುತ್ತಿದ್ದ. ಮಾತೆಲ್ಲ ಕೆಲಸದ್ದೇ. ‘ಈಗ ಒತ್ರಿ. ಏನ್ ತೋರಸ್ತದ?’ ‘ಅದ ತೋರಸ್ತದ್ರಿ.’ ‘ನಿಲ್ರಿ, ನನ್ನ ಕಡೆ ಒಂದು ಬದಲಿ ಮಾಡ್ತೀನಿ.’ ಅವನು ಬದಲಿ ಮಾಡುವವರೆಗೆ ಇಬ್ಬರೂ ಸುಮ್ಮನೆ ಕಾಯಬೇಕಾಗುತ್ತಿತ್ತು. ಆ ಕಾಯುವಿಕೆಯಲ್ಲಿ ದೇವದುರ್ಗ ಅವಳ ಕಿವಿಯೊಳಗೆ ಬರುತ್ತಿತ್ತು: ಗಿಣಿಗಳ ಹಿಂಡು, ದೂರದ ಹಿಟ್ಟಿನ ಗಿರಣಿ, ಕೆಳಗಿನಿಂದ ಯಾವುದೋ ಹೆಣ್ಣುಧ್ವನಿ ‘ಉದಯಾ, ಚಾ ಆರಾಕತ್ತದ’ ಎಂದು ಕೂಗುವುದು. ಅವನ ಉಸಿರು. ತನ್ನ ಜೊತೆ ಇಷ್ಟು ಹೊತ್ತು ಸುಮ್ಮನಿದ್ದವರು ಯಾರೂ ಇರಲಿಲ್ಲ ಎಂದು ಅವಳಿಗೆ ಒಂದು ಸಂಜೆ ಹೊಳೆಯಿತು. ಹೆಣ್ಣು ನೋಡಲು ಬಂದವರು ಮಾತಾಡಿ ಹೋಗಿದ್ದರು, ಹಂಪಣ್ಣ ದಿನವಿಡೀ ಮಾತಾಡುತ್ತಿದ್ದ, ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಬರುವ ಅವ್ವ ಯಮನಮ್ಮ ನಿದ್ದೆಯಲ್ಲೂ ಮಾತಾಡುತ್ತಿದ್ದಳು. ಸುಮ್ಮನಿದ್ದೂ ಫೋನು ಇಡದವನು ಇವನೊಬ್ಬ. ‘ಯಾರದ ಬೇ ಫೋನು? ನಗಾಕತ್ತಿದ್ದಿ?’ ಎಂದು ಅವ್ವ ಕೇಳಿದಾಗ ‘ಕೆಲಸದ್ದು’ ಅಂದಿದ್ದಳು. ಸುಳ್ಳೇನೂ ಅಲ್ಲ. ನಕ್ಕದ್ದು ತನಗೆ ಗೊತ್ತೇ ಇರಲಿಲ್ಲ. ಆ ಹೆಣ್ಣುಧ್ವನಿ ಯಾರದೆಂದು ಮಾತ್ರ ಕೇಳಲಿಲ್ಲ. ಕೇಳಿದರೆ ತಿಳಿದುಬಿಡುತ್ತದಲ್ಲ.

ಕಲ್ಮಲ ಬಂತು. ಮುದುಕಿ ಎಚ್ಚೆತ್ತು ಚೀಲ ಎಳೆದುಕೊಂಡು ಇಳಿದಳು. ಗದ್ದೆಗಳ ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಮಂಗಳವಾರವೂ ಇಂಥದೇ ಬಿಸಿಲು, ಅಂಗಡಿಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಸಂಜೆಯ ಕರೆಗೆ ಮೊದಲು ಏನಾದರೂ ಹೇಳಲು ಇರಲೆಂದು ಕೀಲಿಯನ್ನು ಇನ್ನೊಮ್ಮೆ ಅಕ್ಷರ ಅಕ್ಷರ ಹಿಡಿದು ನೋಡಿದ್ದಳು. ಕೊನೆಯ ಅಕ್ಷರ ಮುಗಿದ ಮೇಲೂ ಪರದೆಯ ಕರ್ಸರಿನ ಗೆರೆ ಒಂದು ಹೆಜ್ಜೆ ಮುಂದೆ ಹೋಗಿ ಮಿನುಗುತ್ತಿತ್ತು. ಒಂದು ಖಾಲಿ ಜಾಗ. ವಾಟ್ಸಾಪಿನಿಂದ ಎತ್ತುವಾಗ ಕೀಲಿಯ ಬೆನ್ನಿಗೆ ಅಂಟಿಕೊಂಡು ಬಂದದ್ದು. ಹೊಸ ಕೀಲಿಯ ಬೆನ್ನಿಗೂ ಹಾಗೇ ಬಂದಿತ್ತು. ಕಣ್ಣಿಗೆ ಕಾಣದ್ದು, ಆದರೆ ಬಾಗಿಲಿಗೆ ಗೊತ್ತಾಗುವಂಥದು. ಅಳಿಸಿದಳು, ಒತ್ತಿದಳು. ಪರದೆಯ ಮೇಲೆ ತಿರುಗುವ ಚಕ್ರ ತಟ್ಟನೆ ನಿಂತು ಖಾನಾವಳಿಗಳ ಹೆಸರುಗಳು ಒಂದರ ಕೆಳಗೊಂದು ಇಳಿದು ಬಂದವು. ಅವಳಿಗೆ ಕೂಗಬೇಕೆನ್ನಿಸಿತ್ತು. ಫೋನು ಕೈಗೆ ತೆಗೆದುಕೊಂಡು ಅವನ ಹೆಸರಿನ ಮೇಲೆ ಬೆರಳಿಟ್ಟಳು ಕೂಡ. ಆಗ ಕಂಡಿತು. ‘ಆತ್ರಿ’ ಅಂದರೆ ಅವನು ‘ಭೇಷ್ ಆತು’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ನಾಳೆ ಸಂಜೆ ಮಾಳಿಗೆ ಇಲ್ಲ, ಗಿಣಿ ಇಲ್ಲ. ಬೆರಳು ತಾನಾಗಿಯೇ ಹಿಂದಕ್ಕೆ ಹೋಗಿ ಆ ಖಾಲಿ ಜಾಗವನ್ನು ಮತ್ತೆ ಒತ್ತಿಬಿಟ್ಟಿತು. ಹೆಸರುಗಳು ಮಾಯವಾಗಿ ಚಕ್ರ ತಿರುಗತೊಡಗಿತು. ಸಂಜೆ ಅವನು ಕರೆ ಮಾಡಿ ‘ಏನರ ಸುಳಿವು ಸಿಕ್ಕಿತೇನ್ರಿ?’ ಅಂದಾಗ ‘ಇಲ್ರಿ’ ಅಂದಳು. ಅವನು ಎಂದಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದ. ಅದನ್ನೂ ಅವಳು ತನಗೆ ಸಿಕ್ಕ ಲಾಭವೆಂದೇ ಎಣಿಸಿದ್ದಳು.

ಫೋನು ಬಡಿದುಕೊಂಡಿತು. ಗದ್ದೆಮ್ಮ. ‘ಯವ್ವಾ ಮೇಘವ್ವ, ಹೊಂಟೀರೇನು? ಇವತ್ತರ ಆಗ್ತದಿಲ್ಲೋ? ನಿನ್ನಿ ಖಾನಾವಳಿಯಾಂವ ಬಾಯಿಗೆ ಬಂದಂಗ ಬೈದ ನೋಡು. ನಾ ಒತ್ತೀನಂತಾನ, ನನ್ನ ಫೋನಿಗೆ ಏನೂ ಬಂದಿಲ್ಲ. ಗುಂಡಗ ತಿರಗತದ, ತಿರಗತದ, ಆಟ ಆಡಿಸಿದಂಗ. ಅಂವನ ಮಂದಿ ರೊಟ್ಟಿ ಇಲ್ದ ಅನ್ನ ಉಂಡು ಹ್ವಾದ್ರಂತ. ಇಲ್ಲಿ ಹೆಣಮಕ್ಕಳು, ಗದ್ದೆಮ್ಮನ ಫೋನಿನಾಗ ರೊಟ್ಟಿ ಸುಡಾಕತ್ತಾವಂತ ನಗತಾವು.’ ಹಂಪಣ್ಣ ಅವಸರಪಟ್ಟು ಆ್ಯಪನ್ನು ಆಗಲೇ ಖಾನಾವಳಿಯವರ ಫೋನುಗಳಿಗೆ ಹಾಕಿಸಿಬಿಟ್ಟಿದ್ದ. ‘ಇವತ್ತು ಆಗ್ತದಬೇ ಗದ್ದೆಮ್ಮ’ ಅಂದಳು ಮೇಘಾ. ಗದ್ದೆಮ್ಮ ‘ನಿನ್ನ ಬಾಯಾಗ ಸಕ್ರಿ ಬೀಳಲಿ’ ಅಂದು ಇಟ್ಟಳು. ಆ ಮಾತು ಬೈದದ್ದಕ್ಕಿಂತ ಕೆಟ್ಟದಾಗಿ ತಾಗಿತು.

ಆದರೆ ಒಳಗೆ ಕೊರೆಯುತ್ತಿದ್ದದ್ದು ಗದ್ದೆಮ್ಮನೂ ಅಲ್ಲ, ಮಂಗಳವಾರದ ಮರುದಿನ ನಡೆದದ್ದು. ಹಂಪಣ್ಣ ತನ್ನ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಉದಯಕುಮಾರನನ್ನು ಹಿಡಿದುಕೊಂಡಿದ್ದ. ‘ಸರ್, ಕಾಲೇಜಿನಾಗ ಹುಡುಗರಿಗೆ ಏನ್ ಕಲಸ್ತೀರಿ ನೀವು? ಒಂದು ಕೀಲಿ ಮಾಡಾಕ ಬರೂದಿಲ್ಲಂದ್ರ ಹೇಳಿಬಿಡ್ರಿ, ಬ್ಯಾರೆಯವ್ರನ್ನ ನೋಡ್ತೀನಿ. ನಮ್ಮ ಹುಡಿಗಿ ಕಡೆ ಎಲ್ಲಾ ಬರೋಬ್ಬರಿ ಅದ, ಏನ್ ಮೇಘಾ?’ ಅವಳು ಎದುರಿಗೇ ನಿಂತಿದ್ದಳು. ಫೋನಿನ ಆ ತುದಿಯಲ್ಲಿ ಅವನು ಅವಳ ಉತ್ತರಕ್ಕೆ ಕಾದಂತೆ ಸುಮ್ಮನಿದ್ದ. ಅವಳಿಗೆ ಪ್ರಿಯವಾಗಿದ್ದ ಅದೇ ಮೌನ ಈಗ ಎಲ್ಲರ ಮುಂದೆ ಮೇಜಿನ ಮೇಲೆ ಬಿದ್ದಿತ್ತು. ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದು ಫೋನಿನಲ್ಲಿ ಕೇಳುವುದಿಲ್ಲ ಎಂಬುದೊಂದೇ ಆಗ ಸಿಕ್ಕ ಸಮಾಧಾನ. ‘ನನ್ನ ಕಡೀನ ತಪ್ಪು ಇರಬೇಕ್ರಿ,’ ಅಂದ ಅವನು ಕೊನೆಗೆ. ‘ಶನಿವಾರ ನಾನ ಕುರ್ಡಿಗೆ ಬಂದು ಮೇಘಾ ಅವ್ರ ಜೊತಿ ಕುಂತು ನೋಡ್ತೀನಿ.’ ಅವಮಾನದ ಆ ಗಳಿಗೆಯಲ್ಲೂ ಅವಳ ಮನಸ್ಸು ಹಿಡಿದುಕೊಂಡದ್ದು ಕೊನೆಯ ಮಾತನ್ನೇ. ಬರುತ್ತಾನೆ. ಜೊತೆಗೆ ಕೂಡುತ್ತಾನೆ. ಅಂಥ ಹೊತ್ತಿನಲ್ಲಿ ಸಂತೋಷಪಟ್ಟೆನಲ್ಲ ಎಂದು ಈಗ ನಾಚಿಕೆಯಾಯಿತು.

ಮಾನ್ವಿ ಸ್ಟ್ಯಾಂಡಿನಲ್ಲಿ ಅವನು ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಿದ್ದ. ಯಾರೂ ಹೇಳದಿದ್ದರೂ ಗುರುತಾಯಿತು. ಧ್ವನಿಗಿಂತ ಗಿಡ್ಡ, ಮುಂದಿನ ಕೂದಲು ತೆಳ್ಳಗಾಗಿದೆ, ಕನ್ನಡಕ, ಇಸ್ತ್ರಿಯ ಚೌಕಳಿ ಅಂಗಿ, ಹಣೆಯ ಮೇಲೆ ಬೆವರಿನಲ್ಲಿ ಅರ್ಧ ಅಳಿಸಿದ ವಿಭೂತಿ. ವಿಭೂತಿಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಧ್ವನಿಗೆ ಹಣೆ ಇರುವುದಿಲ್ಲ. ‘ಮೇಘಾ ಅವ್ರಲ್ರೀ? ಬರ್ರಿ, ಟಂಟಂ ಹೊಂಟದ’ ಅಂದ. ಧ್ವನಿ ಅದೇ, ಆದರೆ ಈ ಮುಖದಿಂದ ಬಂದಾಗ ಯಾರೋ ಕಳವು ಮಾಡಿಕೊಂಡು ಆಡಿದಂತಿತ್ತು. ಅವಳು ಕಬ್ಬಿನ ಗಾಣದ ಕಡೆ ಮುಖ ತಿರುಗಿಸಿ, ನೋಡದೆ ಕೇಳಿಸಿಕೊಂಡಳು. ಆಗ ಸರಿಹೋಯಿತು. ಅವನು ನಗಲಿಲ್ಲ. ಫೋನಿನಲ್ಲಿ ನಗುತ್ತಿದ್ದವನು ಎದುರಿಗೆ ಗಟ್ಟಿಯಾಗಿ ನಿಂತಿದ್ದ.

ಟಂಟಂ ಆಟೋದಲ್ಲಿ ಎದುರುಬದುರು ಕುಳಿತರು. ನಡುವೆ ಇಬ್ಬರ ಲ್ಯಾಪ್‌ಟಾಪಿನ ಚೀಲಗಳು, ಯಾರದೋ ಹಾಲಿನ ಕ್ಯಾನು. ‘ನಿಮ್ಮ ಊರು ಇದ ಕಡೀನಾ?’ ಎಂದು ಕೇಳಿದ, ಏನಾದರೂ ಕೇಳಬೇಕಲ್ಲ ಎಂಬಂತೆ. ‘ಜಾಲಹಳ್ಳಿರಿ.’ ‘ಅರೆ, ನಮ್ಮ ತಾಲೂಕ ಆತಲ್ಲ. ಜಾಲಹಳ್ಳ್ಯಾಗ ಯಾರ ಪೈಕಿ?’ ಈ ಪ್ರಶ್ನೆಯನ್ನು ಎಷ್ಟು ಜನ ಎಷ್ಟು ಮೆತ್ತಗೆ ಕೇಳಿದ್ದಾರೆ! ಪ್ರತಿ ಸಲ ಅಪ್ಪನ ನೌಕರಿಯ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದಳು. ಇವತ್ತು ಯಾಕೋ ಜಾರಬೇಕೆನ್ನಿಸಲಿಲ್ಲ. ಒಂದು ಮುಚ್ಚಿಟ್ಟದ್ದೇ ಸಾಕಾಗಿತ್ತು. ‘ಕೇರಿಯವ್ರ್ರಿ ನಾವು. ಅಯ್ಯಣ್ಣನ ಮಗಳು’ ಅಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಹಾಲಿನ ಕ್ಯಾನಿನವ ತಿರುಗಿ ನೋಡಿದ. ಉದಯಕುಮಾರ ‘ಹೌದ್ರೀ’ ಎಂದಷ್ಟೇ ಅಂದು ಹೊರಗೆ ಹತ್ತಿಯ ಹೊಲ ನೋಡತೊಡಗಿದ. ಆ ‘ಹೌದ್ರೀ’ಯನ್ನು ಅವಳು ಕುರ್ಡಿ ಬರುವವರೆಗೆ ತಿರುವಿ ತಿರುವಿ ನೋಡಿದಳು.

ಗದ್ದೆಮ್ಮನ ಪಡಸಾಲೆಯ ಆಚೆ, ತಗಡಿನ ಕೆಳಗೆ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಬಡಿತ ಒಂದೇ ಸಮನೆ ಬರುತ್ತಿತ್ತು. ಗದ್ದೆಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ‘ಬರ್ರಿ ಸರ್, ಬಾ ಯವ್ವಾ, ಬಿಸಲಾಗ ಬಂದೀರಿ’ ಎಂದು ಒಂದು ಚೊಂಬು ನೀರು ಕೊಟ್ಟಳು. ಮೇಘಾ ತುಟಿಗೆ ತಾಗಿಸದೆ ಎತ್ತಿ ಕುಡಿದು ಚೊಂಬನ್ನು ಅವನ ಕಡೆ ಸರಿಸಿ ಕಾದಳು. ಅವನೂ ಎತ್ತಿ ಕುಡಿದ. ಈ ಕಡೆ ಎಲ್ಲರೂ ಹಾಗೇ ಕುಡಿಯುತ್ತಾರೆ, ಅದರಿಂದ ಏನೂ ತಿಳಿಯಲಿಲ್ಲ. ಗದ್ದೆಮ್ಮ ‘ನೋಡ್ರಿ ಮತ್ತ’ ಎಂದು ತನ್ನ ಫೋನನ್ನು ಅವರ ಮುಂದಿಟ್ಟು ಒಳಗೆ ಹೋದಳು.

ಮೇಘಾ ಲ್ಯಾಪ್‌ಟಾಪು ತೆರೆದಳು. ಈಗ ಅಳಿಸಬೇಕು, ಅವನು ತನ್ನದನ್ನು ಚೀಲದಿಂದ ತೆಗೆಯುವುದರೊಳಗೆ. ಅವನು ತೆಗೆಯಲೇ ಇಲ್ಲ. ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಪರದೆಯ ಕಡೆ ನೋಡದೆ, ದನಿ ತಗ್ಗಿಸಿ ಹೇಳಿದ:

‘ಮಂಗಳವಾರ ಮಧ್ಯಾಹ್ನ ಒಂದು ಸಲ ಕನೆಕ್ಟ್ ಆಗಿತ್ತಲ್ರಿ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ.

‘ನಿಮ್ಮ ಕಡಿಂದ ಯಾರು ಬಾಗಲ ಬಡದ್ರೂ ನನ್ನ ಕಡೆ ಕಾಣ್ತದ. ಎಲ್ಲಾ ತಪ್ಪ ಕೀಲಿ, ತಪ್ಪ ಕೀಲಿ ಅಂತ ಅದ. ನಡುವ ಒಂದ ಒಂದು ಸಲ ಬರೋಬ್ಬರಿ ಕೀಲಿ. ಒಳಗ ಬಂದೀರಿ, ಖಾನಾವಳಿ ಹೆಸರು ತಗೊಂಡೀರಿ. ಆಮ್ಯಾಲ ಮತ್ತ ತಪ್ಪ ಕೀಲಿ.’ ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ‘ಆ ಸಂಜಿಕ ಕೇಳಿದೆ. ಸುಳಿವು ಸಿಕ್ಕಿಲ್ಲ ಅಂದ್ರಿ. ಮರುದಿನ ಹಂಪಣ್ಣಾರು ನನ್ನ ಹಂಗ ಬೈಯುವಾಗ ನೀವು ಅಲ್ಲೇ ಇದ್ರಿ. ನಿಮಗ ನನ್ನ ಜೊತಿ ಕೆಲಸ ಮಾಡಾಕ ಮನಸ್ಸಿಲ್ಲ, ನನ್ನ ತಗಿಸಬೇಕಂತ ಮಾಡಾಕತ್ತೀರಿ ಅನ್ಕೊಂಡೆ. ಫೋನಿನಾಗ ಕೇಳಾಕ ಆಗಲಿಲ್ಲ. ಅದಕ್ಕ ಬಂದೆ. ನಾ ಏನ್ ಮಾಡೀನ್ರಿ ನಿಮಗ?’

ಹೊರಗೆ ಯಾರೋ ಹಂಚಿಗೆ ನೀರು ಚಿಮುಕಿಸಿದ ಸದ್ದಾಯಿತು. ಇಷ್ಟು ದಿನ ಅವನ ಮೌನವನ್ನು ತಾನು ಹೇಗೆ ಓದಿಕೊಂಡೆ, ಅವನು ತನ್ನದನ್ನು ಹೇಗೆ ಓದಿಕೊಂಡ! ಆ ಮಂಗಳವಾರ ಮಾಳಿಗೆಯ ಮೇಲೆ ಅವನು ಎಂದಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದದ್ದು ಅವಳ ಸುಳ್ಳನ್ನು ಎದುರಿಗಿಟ್ಟುಕೊಂಡು. ಅವಳು ಆ ಮೌನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಿದ್ದಳು. ಈಗ ಹೇಳಬಹುದಾದ ಸುಳ್ಳುಗಳು ಬಹಳ ಇದ್ದವು: ಗೊತ್ತಾಗಲಿಲ್ಲ, ಕರೆಂಟು ಹೋಯಿತು, ಕೈತಪ್ಪಿ ಆಯಿತು. ಯಾವುದನ್ನು ಹೇಳಿದರೂ ಅವನು ನಂಬಿದಂತೆ ಮಾಡಿ ದೇವದುರ್ಗಕ್ಕೆ ಹೋಗಿಬಿಡುತ್ತಿದ್ದ, ತಾನು ಅವನಿಗೆ ಕೇಡು ಬಗೆದವಳೆಂಬ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ನಿಜ ಹೇಳಿದರೆ ನಗೆಪಾಟಲು. ಅವಳು ಪರದೆಯ ಮೇಲಿನ ಕೀಲಿಯ ಕೊನೆಗೆ ಬೆರಳು ತೋರಿಸಿದಳು. ‘ಇಲ್ಲಿ ಒಂದು ಖಾಲಿ ಜಾಗ ಅದರಿ. ನೀವು ಕಳಿಸಿದ್ದನ್ನ ಎತ್ತುವಾಗ ಬಂದದ. ಮಂಗಳವಾರ ಕಂಡೆ, ಅಳಿಸಿದೆ, ಆತು. ಮತ್ತ ನಾನ ಹಾಕಿದೆ.’

‘ಯಾಕ್ರಿ?’

‘ಕನೆಕ್ಟ್ ಆತಂದ್ರ ನೀವು ಫೋನ್ ಮಾಡಂಗಿಲ್ಲಲ್ರಿ.’

ಅಂದ ಮೇಲೆ ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಕೇಳಿಸಿತು. ಮೂವತ್ತು ದಾಟಿದವಳು ಆಡುವ ಮಾತೇ? ಅವನು ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಕಡೆ ನೋಡಿದ. ಕನ್ನಡಕವಿಲ್ಲದ ಕಣ್ಣು ಬೇರೆಯವರವು ಅನ್ನಿಸಿತು. ‘ಇಷ್ಟಕ್ಕರೀ?’ ಅಂದ. ಬೈಗುಳವೋ, ಬೆರಗೋ, ಸಮಾಧಾನವೋ ತಿಳಿಯಲಿಲ್ಲ. ‘ನಿಮಗ ಇದು ಇಷ್ಟೇ ಅದರಿ’ ಅಂದಳು. ಖಾಲಿ ಜಾಗವನ್ನು ಅಳಿಸಿ, ಆ್ಯಪನ್ನು ಗದ್ದೆಮ್ಮನ ಫೋನಿಗೆ ಹೊಸದಾಗಿ ಹಾಕಿ, ಖಾನಾವಳಿಯವರ ಫೋನುಗಳಿಗೂ ಕಳಿಸಿದಳು. ಚಕ್ರ ನಿಂತಿತು. ನಿಂತದ್ದನ್ನು ಇಬ್ಬರೂ ನೋಡಿದರು.

ಅವನು ‘ಹಂಪಣ್ಣಾರಿಗೆ ನಾ ಹೇಳ್ತೀನಿ, ನನ್ನ ಮೆಸೇಜಿಂದ ಬಂದದಂತ’ ಎಂದು ಫೋನಿಗೆ ಕೈ ಹಾಕಿದ. ಮೇಘಾ ಅದಕ್ಕಿಂತ ಮೊದಲೇ ಕರೆ ಮಾಡಿ ಸ್ಪೀಕರಿಗೆ ಹಾಕಿದಳು, ಅವನಿಗೂ ಕೇಳಬೇಕಿತ್ತು. ‘ಸರ್, ಕನೆಕ್ಟ್ ಆತ್ರಿ. ತಪ್ಪು ನನ್ನ ಕಡೆ ಇತ್ತು. ಮಂಗಳವಾರನ ಗೊತ್ತಾಗಿತ್ತು, ನಾ ಹೇಳಲಿಲ್ಲ. ಉದಯಕುಮಾರ್ ಸರ್‌ದು ಏನೂ ತಪ್ಪಿಲ್ಲ.’ ಹಂಪಣ್ಣ ಶುರು ಮಾಡಿದ. ‘ಗೊತ್ತಿದ್ದೂ ಹೇಳಲಿಲ್ಲಂದ್ರ ಏನರ್ಥಬೇ? ಖಾನಾವಳಿಯವ್ರು ನನ್ನ ಮಾರಿಗೆ ಉಗಳಾಕತ್ಯಾರ. ನಿಮ್ಮಂಥವ್ರನ್ನ ಕರಕೊಂಡು ಬಂದು ಕುರ್ಚಿ ಮ್ಯಾಲ ಕುಂದ್ರಿಸಿದ್ದು ನನ್ನ ಗಲತಿ. ನಿಮಗ ಎಷ್ಟ ಓದಿಸಿದ್ರೂ...’ ತಗಡಿನ ಕೆಳಗೆ ರೊಟ್ಟಿ ಬಡಿತ ತಗ್ಗಿತು. ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ಮೇಘಾ ತಲೆ ಬಗ್ಗಿಸಿ ನಿಂತಳು. ಇದು ತನಗೆ ಸಲ್ಲಬೇಕಾದದ್ದೇ, ಆದರೆ ಇದರಲ್ಲಿ ಎಷ್ಟು ಭಾಗ ಮಂಗಳವಾರದ್ದು, ಎಷ್ಟು ತನ್ನ ಕೇರಿಯದು ಎಂದು ಬೇರ್ಪಡಿಸಲಾಗದೆ ನಿಂತಳು.

‘ಸಾಕ್ರಿ, ಸರ್.’

ಉದಯಕುಮಾರ ಫೋನಿನ ಮೇಲೆ ಬಾಗಿದ್ದ. ದನಿ ಏರಿರಲಿಲ್ಲ. ‘ಕೆಲಸ ಆಗ್ಯಾದ. ಅವ್ರು ತಪ್ಪು ಒಪ್ಪಿಕೊಂಡಾರ. ಅದರ ಮುಂದಿನ ಮಾತು ಬ್ಯಾಡ್ರಿ.’ ಆವತ್ತು ಅಂಗಡಿಯಲ್ಲಿ ನಿಂತು ತಾನು ಆಡಬೇಕಾಗಿದ್ದ ಮಾತು ಇಷ್ಟೇ ಇತ್ತೆಂದು ಮೇಘಾಳಿಗೆ ಆಗ ತಿಳಿಯಿತು. ಆ ಬದಿಯಲ್ಲಿ ಹಂಪಣ್ಣ ಗೊಣಗಿ, ‘ಆತು, ಇನ್ನ ಮ್ಯಾಲ ಡೇಟಾಬೇಸಿಂದು ಏನಿದ್ರೂ ನಾನ ನಿಮ್ಮ ಜೊತಿ ಮಾತಾಡ್ತೀನ್ರಿ ಸರ್. ಆಕಿ ಮಾತಾಡೂದು ಬ್ಯಾಡ’ ಎಂದು ಫೋನಿಟ್ಟ.

ಗದ್ದೆಮ್ಮನ ಫೋನು ಟಿಣ್ ಅಂದಿತು. ರಾಯಚೂರಿನ ಖಾನಾವಳಿಯದೇ ಆರ್ಡರು. ಗದ್ದೆಮ್ಮ ಓಡಿ ಬಂದು ಫೋನನ್ನು ಬಿಸಿ ರೊಟ್ಟಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ‘ಬಂತು ಬಂತು! ಏ ಬರ್ರೇ, ಯಾರ ನಗಾಕತ್ತಿದ್ರಿ ಈಗ ಬರ್ರಿ’ ಎಂದು ಕೂಗಿದಳು. ಬೈಗುಳ ಕೇಳಿಸಿಕೊಂಡಿದ್ದರೂ ಅದರ ಮಾತೆತ್ತದೆ, ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ ಕೂಡಿಸಿದಳು. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಉಂಡರು. ಉಣ್ಣುವಾಗ ಅವನು ‘ನಮ್ಮ ಅಕ್ಕನೂ ಪುಂಡಿಪಲ್ಯ ಹಿಂಗ ಮಾಡ್ತಾಳ. ಮನ್ಯಾಗ ನಾವಿಬ್ರ’ ಅಂದ. ಚಾ ಆರುತ್ತಿದೆಯೆಂದು ಕೂಗುವವಳು ಅವಳೇ ಇರಬೇಕು. ಕೇಳದೇ ತಿಳಿದದ್ದು, ತಿಳಿದು ಏನೂ ಮಾಡಲಾಗದ ಹೊತ್ತಿಗೆ.

ಮಾನ್ವಿ ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇಳಿದಿತ್ತು. ದೇವದುರ್ಗದ ಬಸ್ಸು ಮೊದಲು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕುಳಿತ. ಅವಳು ಕೆಳಗೆ ನಿಂತಳು. ಹೋಗೆಂದು ಹೇಳುವವರೂ ನಿಲ್ಲೆಂದು ಹೇಳುವವರೂ ಇರಲಿಲ್ಲ. ಕ್ಷಮೆ ಕೇಳಬೇಕಿತ್ತು, ಕೇಳಿಲ್ಲವೆಂಬುದು ಈಗ ನೆನಪಾಯಿತು. ಡ್ರೈವರು ಎಂಜಿನ್ನು ಚಾಲೂ ಮಾಡಿದ. ಆ ಗದ್ದಲದಲ್ಲಿ ಅವನು ಕಿಟಕಿಯಿಂದ ತುಸು ಬಾಗಿ ಕೇಳಿದ: ‘ಜಾಲಹಳ್ಳಿಗೆ ಹೋಗ್ತಿರ್ತೀರೇನ್ರಿ?’

‘ಯಾವಾಗರ ಒಮ್ಮೆ. ಅಲ್ಲಿ ಅಜ್ಜಿ ಇದ್ದಾಳ.’

‘ದೇವದುರ್ಗ ದಾಟೇ ಹೋಗಬೇಕಲ್ರಿ’ ಅಂದ.

ಬಸ್ಸು ಹೊರಟಿತು. ಅವನು ಕೈ ಮಾಡಲಿಲ್ಲ, ಮುಖ ಒಳಗೆ ತೆಗೆದುಕೊಳ್ಳಲೂ ಇಲ್ಲ. ಅದು ಕರೆದದ್ದೋ ಅಥವಾ ತಾಲೂಕಿನ ಯಾರಿಗಾದರೂ ಹೇಳಬಹುದಾದ ದಾರಿಯ ಮಾತೋ? ಅವಳು ಧೂಳು ಇಳಿಯುವವರೆಗೆ ನಿಂತಿದ್ದು ರಾಯಚೂರಿನ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಯಲ್ಲಿದ್ದ ಫೋನಿನಲ್ಲಿ ಆರ್ಡರುಗಳು ಒಂದೊಂದಾಗಿ ಬಂದು ಸೇರುತ್ತಿದ್ದವು, ಎಲ್ಲೂ ತಡೆಯಿರಲಿಲ್ಲ, ಯಾರಿಗೂ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಸಂಜೆಯಾಗುತ್ತಿತ್ತು. ಅವನು ಮಾಳಿಗೆ ಹತ್ತುವ ಹೊತ್ತು. ಇವತ್ತು ಯಾತಕ್ಕೆ ಹತ್ತುತ್ತಾನೆ? ಮಾತಾಡಬೇಡ ಅಂದದ್ದು ಡೇಟಾಬೇಸಿನ ವಿಷಯ ತಾನೇ? ಅಜ್ಜಿಯನ್ನು ನೋಡಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ ತಪ್ಪಿದಳು, ಮತ್ತೆ ಹಾಕಿದಳು.

‘ಎಲ್ಲಿಗಕ್ಕಾ?’ ಕಂಡಕ್ಟರು ಆಧಾರ ಕಾರ್ಡಿಗೆ ಕೈ ಚಾಚಿಕೊಂಡು ನಿಂತಿದ್ದ.

‘ದೇವದುರ್ಗ’ ಅಂದಳು.

ಅವನು ಅವಳ ಮುಖ ನೋಡಿದ. ‘ಇದು ರಾಯಚೂರಿಗೆ ಹೋಗ್ತದಕ್ಕಾ. ದೇವದುರ್ಗದ್ದು ಈಗರ ಹೋತಲ್ಲ, ನೋಡಲಿಲ್ಲೇನು?’

‘ನೋಡೀನಿ’ ಅಂದಳು ಮೇಘಾ. ‘ರಾಯಚೂರ ಕೊಡ್ರಿ.’